ಬಣ್ಣಕ್ಕೆ ಹೋಗುವ ದೇವಿ, ಬಾಯಿಬಿಡುವ ಕಟ್ಟಿಗೆ

ಜಾತ್ರೆ ಗೊತ್ತಾಯಿತೆಂದರೆ ದ್ಯಾಮವ್ವ ಗುಡಿ ಬಿಟ್ಟು ಬಣ್ಣಕ್ಕೆ ಹೋಗುತ್ತಾಳೆ. ಬಡಿಗೇರರ ಮನೆಗೋ ಚಿತ್ರಗಾರರ ಮನೆಗೋ, ಊರಿನ ವಾಡಿಕೆ ಹೇಗಿದೆಯೋ ಹಾಗೆ. ಕುಲಗೋಡ, ಮೂಡಲಗಿ, ಗೋಕಾಕ, ಹುಕ್ಕೇರಿ ಸೀಮೆಯ ಬಹಳಷ್ಟು ಊರುಗಳಲ್ಲಿ ಗ್ರಾಮದೇವತೆ ಕಲ್ಲಿನವಳಲ್ಲ, ಕಟ್ಟಿಗೆಯವಳು. ಐದು ವರ್ಷಕ್ಕೊಮ್ಮೆಯೋ ಇನ್ನೂ ತಡವಾಗಿಯೋ ಬರುವ ಜಾತ್ರೆಯ ಹೊನ್ನಾಟದಲ್ಲಿ ಭಂಡಾರದ ನಡುವೆ ಅವಳನ್ನು ಹೊತ್ತು ಕುಣಿಸುತ್ತಾರೆ. ಆಮೇಲೆ ವರ್ಷಗಟ್ಟಲೆ ಗರ್ಭಗುಡಿಯ ದೀಪದ ಕಾವು, ಎಣ್ಣೆಯ ಜಿಡ್ಡು, ಅಭಿಷೇಕದ ಹನಿ. ಮತ್ತೆ ಬಣ್ಣಕ್ಕೆ ಹೊರಡುವ ಹೊತ್ತಿಗೆ ತೋಳಿನ ಜೋಡಣೆ ಅಲುಗಾಡುತ್ತಿರುತ್ತದೆ, ಕೆನ್ನೆಯ ಮೇಲೋ ಎದೆಯ ಮೇಲೋ ಉದ್ದಕ್ಕೆ ಒಂದು ಸೀಳು ಕಾಣುತ್ತಿರುತ್ತದೆ. ಊರವರು ಬಣ್ಣ ಎನ್ನುವ ಈ ಕೆಲಸದಲ್ಲಿ ಮುಕ್ಕಾಲು ಪಾಲು ದುರಸ್ತಿಯೇ.

ಸೀಳು ಯಾಕೆ ಬೀಳುತ್ತದೆ? ಕಡಿದು ನೂರು ವರ್ಷವಾದರೂ ಕಟ್ಟಿಗೆ ಗಾಳಿಯ ತೇವ ಹೀರುವುದನ್ನು ಬಿಡುವುದಿಲ್ಲ. ಮಳೆಗಾಲದಲ್ಲಿ ಉಬ್ಬುತ್ತದೆ, ಏಪ್ರಿಲ್ ಬಿಸಿಲಿಗೆ ಕುಗ್ಗುತ್ತದೆ. ಎಲ್ಲ ಕಡೆ ಸಮನಾಗಿ ಕುಗ್ಗಿದ್ದರೆ ತಕರಾರಿರಲಿಲ್ಲ. ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ತಿರುಳಿನಿಂದ ತೊಗಟೆಯ ಕಡೆಗೆ ಒಂದು ಪಾಲು ಕುಗ್ಗಿದರೆ ಮರದ ಬೆಳವಣಿಗೆಯ ಬಳೆಗಳ ಗುಂಟ ಅದರ ಎರಡು ಪಾಲು. ಹಸಿ ಸಾಗವಾನಿ ಪೂರ್ತಿ ಒಣಗುವಷ್ಟರಲ್ಲಿ ಮೊದಲನೆಯದು ಶೇ 2.5ರಷ್ಟು, ಎರಡನೆಯದು ಶೇ 5.8ರಷ್ಟು. ಈ ಜಗ್ಗಾಟದಲ್ಲಿ ತಿರುಳು ಒಳಗೇ ಉಳಿದ ಇಡೀ ದಿಮ್ಮಿ ಎಲ್ಲಾದರೂ ಒಂದು ಕಡೆ ಬಾಯಿ ಬಿಡಲೇಬೇಕು. ಕೆತ್ತಿದವನ ಕೈಯಲ್ಲಿ ದೋಷ ಹುಡುಕುವುದು ಅನ್ಯಾಯ. ಸಾಗವಾನಿಯಂಥ ಗಟ್ಟಿಮುಟ್ಟಾದ ಮರದಲ್ಲೂ, ಬಳೆಗಳ ಗುಂಟ ಕೊಯ್ದ ಒಂದಡಿ ಅಗಲದ ಹಲಗೆಯ ತೇವ ಶೇ 7ರಿಂದ 14ಕ್ಕೆ ಏರಿದರೆ ಅಗಲ ಸುಮಾರು 4 ಮಿಲಿಮೀಟರ್ ಹೆಚ್ಚುತ್ತದೆ. ಮಳೆಗಾಲದಲ್ಲಿ ಬಾಗಿಲು ಬಿಗಿಯಾಗಿ, ಬೇಸಗೆಯಲ್ಲಿ ಗಾಳಿ ತೂರುವುದನ್ನು ಎಲ್ಲರೂ ಮನೆಯಲ್ಲೇ ಕಂಡಿರುತ್ತೇವೆ.

ಹಳಬರು ಇದನ್ನು ಅಂಕಿಯಿಂದ ಕಲಿಯಲಿಲ್ಲ. ತಿರುಳು ಬಿಟ್ಟು ಕೊಯ್ಯುವುದು, ಕೊಯ್ದ ತುದಿಗಳಿಗೆ ಮೇಣವನ್ನೋ ದಪ್ಪ ಬಣ್ಣವನ್ನೋ ಬಳಿದು ಅಲ್ಲಿಂದ ತೇವ ಬೇಗ ಹಾರದಂತೆ ನೋಡುವುದು, ಒಂದಿಂಚು ದಪ್ಪಕ್ಕೆ ಒಂದು ವರ್ಷದ ಲೆಕ್ಕದಲ್ಲಿ ನೆರಳಲ್ಲಿ ಒಣಗಿಸುವುದು, ಇವೆಲ್ಲ ಬಡಗಿಗಳ ಕಸುಬಿನಲ್ಲೇ ಬಂದವು. ಬೇರೆ ಕಡೆಯೂ ಇದೇ ಜಾಣ್ಮೆ: ಜಪಾನಿನ ಶಿಲ್ಪಿ ಜೋಚೊ ಬ್ಯೋದೋಯಿನ್ ಮಂದಿರಕ್ಕಾಗಿ 1053ರಲ್ಲಿ ಮಾಡಿದ ಕುಳಿತ ಬುದ್ಧನನ್ನು ಹಲವು ತುಂಡುಗಳಲ್ಲಿ ಕೆತ್ತಿ, ಒಳಗೆ ಪೊಳ್ಳು ಮಾಡಿ ಜೋಡಿಸಿದ. ತಿರುಳೇ ಇಲ್ಲದ ತೆಳು ಗೋಡೆಗೆ ಸೀಳುವ ಒತ್ತಡವೂ ಕಡಿಮೆ.

ನಮ್ಮಲ್ಲಿ ಈ ವಿದ್ಯೆಯನ್ನು ಹತ್ತಿರದಿಂದ ನೋಡಬೇಕೆಂದರೆ ಕೊಪ್ಪಳ ಜಿಲ್ಲೆಯ ಕಿನ್ನಾಳಕ್ಕೆ ಹೋಗಬೇಕು. ಗೋಕಾಕಕ್ಕೂ ಗೊಂಬೆಯ ಹೆಸರಿದೆ. ಹಗುರ ಮರದಿಂದಲೂ ಸುತ್ತಲಿನ ಒಂದು ಬಗೆಯ ಮಣ್ಣಿನಿಂದಲೂ ಇಲ್ಲಿ ಬೊಂಬೆ, ಹಣ್ಣುಗಳನ್ನು ಮಾಡುತ್ತಿದ್ದುದನ್ನು ಬ್ರಿಟಿಷ್ ಕಾಲದ ಗೆಜೆಟಿಯರೇ ದಾಖಲಿಸಿದೆ. ಆದರೆ ಇವತ್ತು ಭೌಗೋಳಿಕ ಗುರುತು ಪಡೆದು ವಿಧಾನವನ್ನು ಹೆಜ್ಜೆ ಹೆಜ್ಜೆಯಾಗಿ ಉಳಿಸಿಕೊಂಡಿರುವುದು ಕಿನ್ನಾಳದ ಚಿತ್ರಗಾರರು. ಸೆಣಬಿನ ಚಿಂದಿ ನೆನೆಸಿ, ಚೂರು ಮಾಡಿ, ಒಣಗಿಸಿ, ಪುಡಿಗುಟ್ಟಿ, ಕಟ್ಟಿಗೆ ಹೊಟ್ಟಿನ ಜೊತೆ ಹುಣಸೆಬೀಜದ ಸರಿಯಲ್ಲಿ ಕಲೆಸುತ್ತಾರೆ. ಅದೇ ಕಿಟ್ಟ. ಜೋಡಿಸಿದ ಮೂರ್ತಿಗೆಲ್ಲ ಇದನ್ನು ಕೈಯಿಂದ ಮೆತ್ತಿ, ಮೇಲೆ ಹತ್ತಿ ಬಟ್ಟೆಯ ಸಣ್ಣ ಸಣ್ಣ ತುಂಡುಗಳನ್ನು ಅದೇ ಹುಣಸೆ ಅಂಟಿನಿಂದ ಕೂರಿಸುತ್ತಾರೆ. ಅದರ ಮೇಲೆ ಬೆಣಚುಕಲ್ಲಿನ ಪುಡಿಯ ಲೇಪ, ಕೊನೆಗೆ ಬಣ್ಣ. ನೋಡುವವರ ಕಣ್ಣು ಬಣ್ಣದ ಮೇಲೆಯೇ ನಿಲ್ಲುತ್ತದೆ. ನನಗೆ ಮಾತ್ರ ಆ ಬಟ್ಟೆಯೇ ದೊಡ್ಡದು. ಒಳಗೆ ಕಟ್ಟಿಗೆ ಕೂದಲೆಳೆಯಷ್ಟು ಸರಿದಾಡಿದರೂ ಬಟ್ಟೆ ಆ ಎಳೆತವನ್ನು ಹಂಚಿಕೊಳ್ಳುತ್ತದೆ, ಮೇಲಿನ ಬಣ್ಣ ಹರಿಯುವುದಿಲ್ಲ. ಐರೋಪ್ಯ ಚಿತ್ರಗಾರರೂ ಹಲಗೆಯ ಮೇಲೆ ಬರೆಯುವ ಮುನ್ನ ನಾರಗಸೆ ಬಟ್ಟೆ ಅಂಟಿಸುತ್ತಿದ್ದರು. ಹುಣಸೆ ಅಂಟಿಗೆ ಇನ್ನೊಂದು ಗುಣವಿದೆ: ನೀರು ತಾಗಿದರೆ ಸಡಿಲವಾಗುತ್ತದೆ. ಮುಂದಿನ ಜಾತ್ರೆಗೆ ಬರುವವನು ಉಳಿ ಹಾಕದೆ ಹಳೆಯದನ್ನು ಬಿಡಿಸಿ ತೆಗೆಯಬಹುದು. ಕರದಂಟಿನ ಊರಾದ ಗೋಕಾಕದವರಿಗೆ ಅಂಟಿನ ಮಹಿಮೆ ನಾನು ಹೇಳಬೇಕಾಗಿಲ್ಲ!

ಇವತ್ತಿನ ದುರಸ್ತಿಯಲ್ಲಿ ಎಡವಟ್ಟಾಗುವುದು ಕಟ್ಟಿಗೆಯ ಈ ಸರಿದಾಟವನ್ನು ಮರೆತಾಗಲೇ. ಬೇಸಗೆಯ ಕೊನೆಯಲ್ಲಿ ಸೀಳು ಅತಿ ಅಗಲವಾಗಿರುತ್ತದೆ. ನೋಡಲಾಗದೆ ಅದರೊಳಗೆ ಎಪಾಕ್ಸಿ ಒತ್ತಿ, ಆಯಿಲ್ ಪೇಂಟು ಬಳಿದು ಮುಗಿಸುತ್ತಾರೆ. ಮಳೆ ಬಿದ್ದು ಕಟ್ಟಿಗೆ ಉಬ್ಬಿದಾಗ ಕಲ್ಲಿನಂಥ ಆ ಗಟ್ಟಿ ಜಾಗ ಬಿಡುವುದಿಲ್ಲ. ಪಕ್ಕದ ಎಳೆಗಳು ಜಜ್ಜಿಹೋಗುತ್ತವೆ. ಮರುವರ್ಷ ಬಿಸಿಲಿಗೆ ತುಂಬಿದ್ದರ ಪಕ್ಕದಲ್ಲೇ ಹೊಸ ಸೀಳು. ಋತುವಿನ ಜೊತೆ ತೆರೆದು ಮುಚ್ಚುವ ಸಣ್ಣ ಗೆರೆಯನ್ನು ಹಾಗೆಯೇ ಬಿಡುವುದು ಲೇಸು. ಕಣ್ಣಿಗೆ ಚುಚ್ಚುವಂತಿದ್ದರೆ ಬಣ್ಣ ಬೆರೆಸಿದ ಜೇನುಮೇಣ ಸಾಕು. ಅದು ಮೆತ್ತಗಿದ್ದು ಹೊಂದಿಕೊಳ್ಳುತ್ತದೆ. ಅಗಲ ಸೀಳಿಗೆ ಅದೇ ಜಾತಿಯ ಒಣ ಮರದ ಚಕ್ಕೆಯನ್ನು, ಎಳೆ ಅದೇ ದಿಕ್ಕಿಗೆ ಬರುವಂತೆ ಕೆತ್ತಿ, ಒಂದು ಬದಿಗೆ ಮಾತ್ರ ಅಂಟು ಹಾಕಿ ಕೂರಿಸಬೇಕು. ಇನ್ನೊಂದು ಬದಿ ಸರಿದಾಡಲಿ.

ಮನೆಯ ಕೆತ್ತನೆ ಬಾಗಿಲು, ಕಂಬ, ದೇವರ ಮಂಟಪಗಳಿಗೂ ಇದೇ ನ್ಯಾಯ. ಧೂಳಿಗೆ ಮೆತ್ತನೆಯ ಒಣ ಬ್ರಷ್ಷು, ಒದ್ದೆ ಬಟ್ಟೆ ಬೇಡ. ಹಬ್ಬಕ್ಕೆ ಮಿಂಚಲಿ ಎಂದು ಶೇಂಗಾ ಎಣ್ಣೆ, ಕೊಬ್ಬರಿ ಎಣ್ಣೆ ಸವರುವವರಿದ್ದಾರೆ. ಇವು ಎಂದಿಗೂ ಒಣಗದೆ ಅಂಟಂಟಾಗಿ ಧೂಳನ್ನೇ ಹಿಡಿದಿಡುತ್ತವೆ. ಒಣಗಿ ಪದರವಾಗುವುದು ಅಗಸೆ ಎಣ್ಣೆ. ಬಣ್ಣವಿಲ್ಲದ ಕಟ್ಟಿಗೆಗೆ ತೆಳ್ಳಗೆ ಹಚ್ಚಿ ಒರೆಸಬಹುದು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನೇ ಬಿಸಿಯಾಗಿ ಹೊತ್ತಿಕೊಂಡೀತು. ಬಿಡಿಸಿ ಹರವಿ ಒಣಗಿಸಿ. ಎಣ್ಣೆ ತೇವದ ಓಡಾಟವನ್ನು ನಿಧಾನ ಮಾಡುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಕೆತ್ತನೆಯ ಕೆಳಗೆ ಹಿಟ್ಟಿನಂಥ ಹೊಸ ಪುಡಿ ಉದುರುತ್ತಿದ್ದರೆ ವಿಷಯವೇ ಬೇರೆ: ಒಳಗೆ ಕುಟ್ಟೆ ಹುಳು ಬದುಕಿದೆ. ಅಂಥ ಸಂದೇಹಕ್ಕೆ, ಮರದ ಜಾತಿ ಗುರುತಿಸುವುದಕ್ಕೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಶುರುವಾದದ್ದು ಅದು.

ಪುರಿಯ ಜಗನ್ನಾಥನಿಗೆ ಮೂರ್ತಿ ಬದಲಿಸುವ ನಬಕಳೇಬರದಲ್ಲಿ ಹೊಸ ಬೇವಿನ ದೇಹವೇ ಬರುತ್ತದೆ, ಈಚಿನದು 2015ರಲ್ಲಿ. ನಮ್ಮ ದೇವಿಯರಿಗೆ ಹೆಚ್ಚಾಗಿ ಅದೇ ದೇಹ, ಪದರದ ಮೇಲೆ ಪದರ. ಪದರ ದಪ್ಪವಾದಂತೆ ಮೂಗಿನ ನತ್ತು, ಕಿವಿಯ ಕೆತ್ತನೆ ಹೂತುಹೋಗುತ್ತವೆ. ಹಳೆಯದನ್ನು ಕೆರೆಯಬೇಕೋ ಬಿಡಬೇಕೋ ಎಂಬುದನ್ನು ಪೇಂಟಿನ ಅಂಗಡಿಯವರಲ್ಲ, ತಲೆಮಾರಿನಿಂದ ಆ ಮೂರ್ತಿ ಮುಟ್ಟಿದವರು ಹೇಳಬೇಕು. ಅವರಿಗೆ ಬಿಡುವೂ ಬೇಕು. ಕಿಟ್ಟ, ಬಟ್ಟೆ, ಲೇಪ ಒಂದೊಂದೂ ಪೂರ್ತಿ ಒಣಗಿದ ಮೇಲೆಯೇ ಮುಂದಿನದು. ಜಾತ್ರೆಗೆ ಹದಿನೈದು ದಿನ ಇರುವಾಗ ದೇವಿಯನ್ನು ತಂದಿಟ್ಟು ಅವಸರ ಮಾಡಿದರೆ ಎಪಾಕ್ಸಿಯೇ ಗತಿ.

ಕುಲಗೋಡದ ತಮ್ಮಣ್ಣನ ಹೆಸರು ಶ್ರೀಕೃಷ್ಣ ಪಾರಿಜಾತದ ಆಟದಿಂದ ಉಳಿಯಿತು, ಅದನ್ನು ಆಡಿದ ಕೌಜಲಗಿ ನಿಂಗಮ್ಮನ ಹೆಸರೂ ಉಳಿಯಿತು. ದೇವಿಯ ಕೆನ್ನೆಯ ಸೀಳು ಮುಚ್ಚಿದವರನ್ನು ಯಾರೂ ಬರೆದಿಡಲಿಲ್ಲ. ಜಾತ್ರಾ ಕಮಿಟಿಯ ವಹಿಯಲ್ಲಿ ಪಟ್ಟಿಯ ಹಣಕ್ಕೆ ಪುಟಗಟ್ಟಲೆ ಜಾಗವಿರುತ್ತದೆ. ಅದರಲ್ಲೇ ಒಂದು ಪುಟದಲ್ಲಿ ಯಾವ ಮರ, ಯಾವ ಅಂಟು, ಯಾವ ಬಣ್ಣ, ಯಾವ ತಿಂಗಳು, ಯಾರ ಕೈ ಎಂದು ಬರೆದು, ಸೀಳಿನ ಫೋಟೊ ಒಂದು ಅಂಟಿಸಿಟ್ಟರೆ ಮುಂದಿನ ಜಾತ್ರೆಗೆ ಬರುವ ಚಿತ್ರಗಾರನಿಗೆ ಅರ್ಧ ಕೆಲಸ ಮುಗಿದಂತೆ.