ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣ

ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣವು ಅಶೋಕನಗರದಲ್ಲಿರುವ, ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಯ ಒಡೆತನದ ಕ್ರೀಡಾಂಗಣವಾಗಿದೆ. ಸ್ವಂತ ಮೈದಾನವಿಲ್ಲದ ನಗರದ ಸಣ್ಣ ಕ್ಲಬ್‌ಗಳು ಇಲ್ಲಿ ಲೀಗ್ ಪಂದ್ಯಗಳನ್ನಾಡುತ್ತವೆ. ಮಾಗಡಿ ರಸ್ತೆಯ ಬ್ಯಾಡರಹಳ್ಳಿಯಂತಹ ಪಶ್ಚಿಮದ ಬಡಾವಣೆಗಳಿಂದ ಬರುವವರು ನಗರದ ಮಧ್ಯಭಾಗವನ್ನು ಹಾದು ಬರಬೇಕು.

ಅಂಗಣದ ಸುಧಾರಣೆ

ಒಂದೇ ಅಂಗಣದಲ್ಲಿ ಮೇಲಿಂದ ಮೇಲೆ ಪಂದ್ಯಗಳು ನಡೆದರೆ ಸಹಜ ಹುಲ್ಲು ಚೇತರಿಸಿಕೊಳ್ಳಲಾರದು. ಮಳೆಗಾಲದಲ್ಲಿ ನೆಲ ಕೆಸರಾಗುತ್ತದೆ. ಆದ್ದರಿಂದ ಇಲ್ಲಿ ಕೃತಕ ಹುಲ್ಲುಹಾಸನ್ನು ಅಳವಡಿಸಲಾಯಿತು. ಸ್ಥಳೀಯ ಲೀಗ್‌ಗೆ ಪ್ರೇಕ್ಷಕರು ವಿರಳವಾದರೂ, ಪಂದ್ಯಗಳು ನಿಲ್ಲದೆ ನಡೆಯಲು ಇಂತಹ ಸುಧಾರಣೆ ಅವಶ್ಯಕ.

ಬೆಂಗಳೂರು ಎಫ್‌ಸಿ

2013ರಲ್ಲಿ ಸ್ಥಾಪನೆಯಾದ ಬೆಂಗಳೂರು ಎಫ್‌ಸಿ, 2013–14ರ ಐ-ಲೀಗ್‌ನ ತವರಿನ ಪಂದ್ಯಗಳನ್ನು ಇಲ್ಲಿ ಆಡಿ, ಚೊಚ್ಚಲ ಋತುವಿನಲ್ಲೇ ಪ್ರಶಸ್ತಿ ಗೆದ್ದಿತು. ಬಳಿಕ ಅದು ಶ್ರೀ ಕಂಠೀರವ ಕ್ರೀಡಾಂಗಣಕ್ಕೆ ತೆರಳಿತು. ಸಣ್ಣ ಕ್ಲಬ್‌ಗಳ ಆಟ ಮಾತ್ರ ಇಲ್ಲಿಯೇ ಮುಂದುವರಿಯಿತು.