ಚೊಗರಿನ ರಸಾಯನ

ಸೊರಬದಿಂದ ಶಿರಾಳಕೊಪ್ಪದ ಮೇಲೆ ಶಿಕಾರಿಪುರಕ್ಕೆ ಹೋಗುವ ದಾರಿಯಲ್ಲಿ, ಅಡಿಕೆ ಕೊಯ್ಲಿನ ದಿನಗಳಲ್ಲಿ, ಮನೆಯಂಗಳದ ಒಲೆಗಳ ಮೇಲೆ ಹಂಡೆಗಳು ಕುದಿಯುತ್ತಿರುತ್ತವೆ. ಬಾಲ್ಯದಲ್ಲಿ ಬಂಧುಗಳ ಮನೆಯ ಅಂತಹ ಒಂದು ಹಂಡೆಯ ಬಳಿ ಕುಳಿತು, ಸುಲಿದ ಎಳೆಯ ಅಡಿಕೆಯ ಹೋಳೊಂದನ್ನು ನಾನು ಬಾಯಿಗೆ ಹಾಕಿಕೊಂಡಿದ್ದೆ. ನಾಲಗೆ ಒಣಗಿತು; ಕೆನ್ನೆಯ ಒಳಮೈಯನ್ನು ಯಾರೋ ಸೆಳೆದು ಹಿಡಿದಂತಾಯಿತು. “ಉಗುಳೋ, ಒಗರದು” ಎಂದರು ಅಜ್ಜಿ.

ನಮ್ಮ ಹಿರಿಯರು ಒಗರನ್ನು ಷಡ್ರಸಗಳಲ್ಲಿ ಒಂದೆಂದು ಎಣಿಸಿದರು. ರಸಾಯನವಿಜ್ಞಾನದ ದೃಷ್ಟಿಯಲ್ಲಿ ಅದು ರುಚಿಗಿಂತ ಹೆಚ್ಚಾಗಿ ಸ್ಪರ್ಶ. ಜೊಲ್ಲಿನಲ್ಲಿರುವ ಪ್ರೋಟೀನುಗಳು ಬಾಯನ್ನು ನುಣುಪಾಗಿ ಇಟ್ಟಿರುತ್ತವೆ. ಅಡಿಕೆಯಲ್ಲಿರುವ ಟ್ಯಾನಿನ್ ಎಂಬ ದ್ರವ್ಯದ ಅಣುವಿನ ಮೈತುಂಬ ಹೈಡ್ರಾಕ್ಸಿಲ್ ಗುಂಪುಗಳಿವೆ. ಇವುಗಳ ಮೂಲಕ ಅದು ಪ್ರೋಟೀನನ್ನು ಹಲವು ಕಡೆ ಹಿಡಿದು ಗಂಟು ಕಟ್ಟಿಸುತ್ತದೆ. ನುಣುಪು ಹೋದ ಬಾಯಿಯ ಒರಟುತನವೇ ಒಗರು. ಗಿಡಕ್ಕೆ ಇದು ರಕ್ಷಣೆ. ಕಾಯನ್ನು ತಿನ್ನಬಂದ ಕೀಟಕ್ಕೆ ಆಹಾರ ಸುಲಭವಾಗಿ ಜೀರ್ಣವಾಗದು. ಎಳೆಯ ಕಾಯಿಯಲ್ಲಿ ಟ್ಯಾನಿನ್ ಹೆಚ್ಚು; ಬಲಿತಂತೆ ಅದರ ಪ್ರಮಾಣ ಇಳಿಯುತ್ತದೆ.

ಒಂದರ ಮೇಲೊಂದರಂತೆ ಅಡಿಕೆ ಬೆಂದ ನೀರು ಮಂದವಾಗಿ ಚೊಗರು ಎನಿಸುತ್ತದೆ. ಕ್ಯಾಟೆಚಿನ್ ಜಾತಿಯ ಚಿಕ್ಕ ಅಣುಗಳು ಸರಪಳಿಯಂತೆ ಕೂಡಿಕೊಂಡು ಆದುದೇ ಅಡಿಕೆಯ ಟ್ಯಾನಿನ್. ಬಿಸಿ ಮತ್ತು ಗಾಳಿಯ ಸಂಗದಲ್ಲಿ ಅವು ಇನ್ನಷ್ಟು ಬೆಸೆದು ಕೆಂಗಂದು ಬಣ್ಣ ತಾಳುತ್ತವೆ. ಈ ಚೊಗರಿನ ಲೇಪದಿಂದಲೇ ಕೆಂಪಡಿಕೆಗೆ ಮೆರುಗು. ಆ ಮೆರುಗಿನ ಮೇಲೆ ಪೇಟೆಯ ಧಾರಣೆ.

ಇದೇ ಗುಣವನ್ನು ಚರ್ಮ ಹದಮಾಡುವವರೂ ಬಲ್ಲರು. ತಂಗಡಿಯ ತೊಗಟೆ, ಅಳಲೆಕಾಯಿಗಳ ಟ್ಯಾನಿನ್ ತೊಗಲಿನ ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳನ್ನು ಬಿಗಿದು ಕಟ್ಟುತ್ತದೆ. ಹಾಗೆ ಕಟ್ಟಿದ ತೊಗಲು ಕೊಳೆಯದು.

ಆದರೆ ಅಡಿಕೆ ಜಗಿಯುವವರ ಕೆನ್ನೆಯೊಳಗೂ ಇರುವುದು ಅದೇ ಕೊಲಾಜನ್. ಅಡಿಕೆಯ ಅರೆಕೋಲಿನ್ ಅದರ ಉತ್ಪತ್ತಿಯನ್ನು ಹೆಚ್ಚಿಸಿದರೆ, ಹಳೆಯ ಕೊಲಾಜನ್ ಕರಗದಂತೆ ಟ್ಯಾನಿನ್ ತಡೆಯುತ್ತದೆ. ವರ್ಷಗಳು ಕಳೆದಂತೆ ಒಳಪೊರೆ ನಾರುಗಟ್ಟಿ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ತಂಬಾಕು ಸೇರದ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುವೆಂದು ನಿರ್ಣಯಿಸಿತು.

ಇದನ್ನು ಹೇಳುವಾಗ ನನಗೆ ಸಂಕೋಚವಾಗುತ್ತದೆ. ಆ ಅಂಗಳದ ಹಂಡೆ ಎಷ್ಟೋ ಮಕ್ಕಳನ್ನು ಓದಿಸಿದೆ, ನನ್ನ ಬಂಧುಗಳ ಸಾಲ ತೀರಿಸಿದೆ. ಹಂಡೆಯ ಮುಂದೆ ನಿಂತು ಚೊಗರಿನ ಹದ ನೋಡುತ್ತಿದ್ದ ಸೋದರಮಾವ, ಕೊನೆಯ ವರ್ಷಗಳಲ್ಲಿ ಅನ್ನದ ತುತ್ತಿಗೂ ಬಾಯಿ ತೆರೆಯಲಾರದವರಾದರು. ಎರಡೂ ಒಂದೇ ದ್ರವ್ಯದ ಕೆಲಸ.

ನೆರೆಯ ಸಾಗರ ತಾಲ್ಲೂಕಿನ ಭೀಮನಕೋಣೆಯಲ್ಲಿ ‘ಚರಕ’ದ ನೇಕಾರ ಮಹಿಳೆಯರು ಅಡಿಕೆಯ ಚೊಗರನ್ನು ಹತ್ತಿ ಬಟ್ಟೆಗೆ ಬಣ್ಣವಾಗಿ ಬಳಸಿದ್ದಾರೆ. ಬಟ್ಟೆಯ ನೂಲಿಗೆ ಒಗರು ಹಿಡಿದರೆ ಯಾರಿಗೂ ಕೇಡಿಲ್ಲ. ಮಾವ ನೋಡುತ್ತಿದ್ದ ಹದಕ್ಕೆ ಅಲ್ಲಿಯೂ ಬೆಲೆಯುಂಟು ಎಂದು ನನಗೆ ಅನ್ನಿಸುತ್ತದೆ.