ತಿಳಿ ನೀರಿನೊಳಗೆ ಏನಿದೆ?

ಮಕ್ಕಳೇ, ಬಂಗಾರಪೇಟೆ ಎಂದ ಕೂಡಲೇ ನಿಮಗೆ ಮೊದಲು ನೆನಪಾಗುವುದು ಏನು? ರೈಲ್ವೆ ಜಂಕ್ಷನ್ನೇ? ಪಕ್ಕದ ಚಿನ್ನದ ಗಣಿಯೇ? ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಹೀಗೆ ಕೇಳಿದಾಗ ಇಡೀ ಆರನೇ ತರಗತಿ ಒಂದೇ ದನಿಯಲ್ಲಿ "ಪಾನಿಪುರಿ!" ಎಂದು ಕೂಗಿತು.

ಅವರ ಮಾತು ನಿಜ. ಬೇರೆ ಊರುಗಳಲ್ಲಿ ಪಾನಿಪುರಿಯ ನೀರು ಹಸಿರಾಗಿರುತ್ತದೆ. ಬಂಗಾರಪೇಟೆಯದು ಕುಡಿಯುವ ನೀರಿನಂತೆ ತಿಳಿಯಾಗಿರುತ್ತದೆ. ಅದರಿಂದಲೇ ಅದಕ್ಕೆ ಹೆಸರು. ಬೆಂಗಳೂರಿನ ರಸ್ತೆಗಳಲ್ಲೂ 'ಬಂಗಾರಪೇಟೆ ಚಾಟ್ಸ್' ಎಂಬ ಬೋರ್ಡುಗಳನ್ನು ಕಾಣಬಹುದು.

ಒಬ್ಬ ಹುಡುಗಿ ಎದ್ದು ನಿಂತಳು. "ಮಿಸ್, ದಸರಾ ರಜೆಗೆ ನಮ್ಮ ಚಿಕ್ಕಮ್ಮನ ಮಗ ದಾವಣಗೆರೆಯಿಂದ ಬಂದಿದ್ದ. ಪಾನಿಪುರಿ ಗಾಡಿ ಹತ್ರ ಕರ್ಕೊಂಡು ಹೋದ್ವಿ. ಪೂರಿ ಜೊತೆ ಬಟ್ಟಲಲ್ಲಿ ನೀರು ಕೊಟ್ರು. ಅವನು ಕುಡಿಯೋ ನೀರು ಅಂದ್ಕೊಂಡು ಗಟಗಟ ಅಂತ ಕುಡಿದ್ಬಿಟ್ಟ!"

"ಆಮೇಲೆ?"

"ಕಣ್ಣಲ್ಲೂ ನೀರು, ಮೂಗಲ್ಲೂ ನೀರು ಮಿಸ್!"

ತರಗತಿಯೆಲ್ಲ ನಕ್ಕಿತು. ಕೊನೆಯ ಸಾಲಿನ ಒಬ್ಬ ಹುಡುಗ ಮಾತ್ರ ಬಾಯಿಗೆ ಅಂಗೈ ಅಡ್ಡ ಹಿಡಿದು ನಗುತ್ತಿದ್ದ. ಆಮೇಲೆ ಅವನೇ ಕೇಳಿದ: "ಅದರಲ್ಲಿ ಉಪ್ಪಿದೆ, ಹುಳಿಯಿದೆ, ಖಾರ ಇದೆ. ಆದ್ರೆ ಏನೂ ಕಾಣಲ್ಲ. ಎಲ್ಲಾ ಎಲ್ಲಿ ಅಡಗಿರುತ್ತೆ ಮಿಸ್?"

ಎಷ್ಟು ಒಳ್ಳೆಯ ಪ್ರಶ್ನೆ! ಬನ್ನಿ, ಉತ್ತರ ಹುಡುಕೋಣ.

ಹಸಿರು ನೀರು, ತಿಳಿ ನೀರು

ಪುದೀನ, ಕೊತ್ತಂಬರಿ ಸೊಪ್ಪುಗಳನ್ನು ರುಬ್ಬಿ ನೀರಿಗೆ ಹಾಕಿದರೆ ನೀರು ಹಸಿರಾಗುತ್ತದೆ. ಎಲೆಗೆ ಹಸಿರು ಬಣ್ಣ ಕೊಡುವುದು ಪತ್ರಹರಿತ್ತು. ಆದರೆ ಪತ್ರಹರಿತ್ತು ನೀರಿನಲ್ಲಿ ಕರಗುವುದಿಲ್ಲ. ಹಾಗಾದರೆ ನೀರು ಹಸಿರಾದದ್ದು ಹೇಗೆ? ಎಲೆಯ ಸಣ್ಣ ಸಣ್ಣ ಚೂರುಗಳು ನೀರಿನ ತುಂಬ ತೇಲಾಡುತ್ತಿರುತ್ತವೆ. ನಾವು ನೋಡುವುದು ಆ ಚೂರುಗಳ ಬಣ್ಣವನ್ನು. ಇಂಥ ಮಿಶ್ರಣಕ್ಕೆ ನಿಲಂಬಿತ ದ್ರಾವಣ ಎನ್ನುತ್ತಾರೆ. ಸ್ವಲ್ಪ ಹೊತ್ತು ಅಲುಗಿಸದೆ ಇಟ್ಟರೆ ಚೂರುಗಳು ತಳಕ್ಕೆ ಇಳಿಯುತ್ತವೆ.

ಉಪ್ಪಿನ ಕತೆ ಬೇರೆ. ಅದು ನೀರಿನಲ್ಲಿ ಕರಗಿ ಅಯಾನುಗಳೆಂಬ ಕಣಗಳಾಗಿ ಚದುರುತ್ತದೆ. ಅವು ಬೆಳಕಿನ ಅಲೆಗಿಂತ ಎಷ್ಟೋ ಪಟ್ಟು ಚಿಕ್ಕವು. ಆದ್ದರಿಂದ ಬೆಳಕು ಅಡ್ಡಿಯಿಲ್ಲದೆ ಹಾದುಹೋಗುತ್ತದೆ. ನೀರು ತಿಳಿಯಾಗಿಯೇ ಕಾಣುತ್ತದೆ. ಇದು ನಿಜವಾದ ದ್ರಾವಣ. 100 ಮಿಲಿಲೀಟರ್ ನೀರಿನಲ್ಲಿ ಸುಮಾರು 36 ಗ್ರಾಂ ಉಪ್ಪು ಕರಗಬಲ್ಲದು. ಅಷ್ಟೊಂದು ಉಪ್ಪು ಕರಗಿದ ಮೇಲೂ ನೀರು ತಿಳಿಯೇ! ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಸಿಗುವ ಸಿಟ್ರಿಕ್ ಆಮ್ಲವೂ ಹೀಗೆಯೇ ಬಣ್ಣವಿಲ್ಲದೆ ಕರಗುತ್ತದೆ.

ಕರಗಿದ್ದಕ್ಕೆಲ್ಲ ಬಣ್ಣವಿರುವುದಿಲ್ಲ ಎಂದು ಮಾತ್ರ ತಿಳಿಯಬೇಡಿ. ಮೈಲುತುತ್ತ ಕರಗಿದ ನೀರು ನೀಲಿ. ಆದರೂ ಅದರ ಆಚೆಗಿನ ವಸ್ತು ಸ್ಪಷ್ಟವಾಗಿ ಕಾಣುತ್ತದೆ.

ಬಂಗಾರಪೇಟೆಯ ನೀರನ್ನು ಮಾಡುವವರು ಅದರ ಗುಟ್ಟನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಕೇಳಿದರೆ ನಕ್ಕು ಸುಮ್ಮನಾಗುತ್ತಾರೆ. ಆದರೂ ನಾವು ಊಹಿಸಬಹುದು. ನೀರು ತಿಳಿಯಾಗಿದೆ ಎಂದ ಮೇಲೆ ಅದರಲ್ಲಿ ರುಬ್ಬಿದ ಸೊಪ್ಪಿನ ಚೂರುಗಳು ಉಳಿದಿಲ್ಲ. ಇರುವುದೆಲ್ಲ ಕರಗಿದ್ದು, ಇಲ್ಲವೇ ಚೆನ್ನಾಗಿ ಸೋಸಿದ ಮೇಲೂ ನೀರಿನಲ್ಲಿ ಉಳಿದದ್ದು. ನೋಡಿದಿರಾ, ಪಾಕವಿಧಾನ ಗೊತ್ತಿಲ್ಲದಿದ್ದರೂ ಇಷ್ಟನ್ನು ವಿಜ್ಞಾನ ಹೇಳಬಲ್ಲದು.

ಖಾರ ಒಂದು ರುಚಿಯೇ?

ಮೆಣಸಿನಕಾಯಿಯ ಖಾರಕ್ಕೆ ಕಾರಣ ಕ್ಯಾಪ್ಸೈಸಿನ್ ಎಂಬ ವಸ್ತು. ಖಾರ ಬೀಜದಲ್ಲಿದೆ ಎಂದು ಬಹಳ ಜನ ತಿಳಿದಿದ್ದಾರೆ. ಹೆಚ್ಚಾಗಿ ಇರುವುದು ಬೀಜ ಅಂಟಿಕೊಂಡಿರುವ ಬಿಳಿಯ ತಿರುಳಿನಲ್ಲಿ. ಕ್ಯಾಪ್ಸೈಸಿನ್‌ಗೂ ಬಣ್ಣವಿಲ್ಲ. ಅದು ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ, ನೀರಿನಲ್ಲಿ ಅತ್ಯಲ್ಪ. ಆದರೆ ನಮ್ಮ ಬಾಯಿಗೆ ಆ ಅತ್ಯಲ್ಪವೇ ಸಾಕು!

ಉಪ್ಪು, ಹುಳಿ, ಸಿಹಿ, ಕಹಿಗಳಂತೆ ಖಾರ ಒಂದು ರುಚಿಯಲ್ಲ. ಅದು ಉರಿ. ನಮ್ಮ ನರಗಳ ತುದಿಯಲ್ಲಿ ಬಿಸಿಯನ್ನು ಗುರುತಿಸುವ ಒಂದು ಪ್ರೋಟೀನ್ ಇದೆ. ಸುಮಾರು 43 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿ ತಾಗಿದರೆ ಅದು 'ಸುಡುತ್ತಿದೆ' ಎಂಬ ಸುದ್ದಿಯನ್ನು ಮಿದುಳಿಗೆ ಕಳಿಸುತ್ತದೆ. ಕ್ಯಾಪ್ಸೈಸಿನ್ ತಾಗಿದರೂ ಅದೇ ಸುದ್ದಿ ಹೋಗುತ್ತದೆ. ಬಾಯಿ ಸುಟ್ಟಿರುವುದಿಲ್ಲ, ಸುಟ್ಟಂತೆ ಅನ್ನಿಸುತ್ತದೆ, ಅಷ್ಟೆ. 1997ರಲ್ಲಿ ಈ ಪ್ರೋಟೀನನ್ನು ಗುರುತಿಸಿದ್ದು ಅಮೆರಿಕದ ಡೇವಿಡ್ ಜೂಲಿಯಸ್ ಅವರ ತಂಡ. 2021ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಅವರು ಆರ್ಡೆಮ್ ಪಟಪೂಟಿಯನ್ ಅವರೊಂದಿಗೆ ಹಂಚಿಕೊಂಡರು.

ದಾವಣಗೆರೆಯ ಆ ಹುಡುಗ ಖಾರ ತಾಳಲಾರದೆ ಎರಡು ಲೋಟ ನೀರು ಕುಡಿದನಂತೆ. ಉರಿ ಅಷ್ಟಾಗಿ ಇಳಿಯಲಿಲ್ಲ. ಕ್ಯಾಪ್ಸೈಸಿನ್ ನೀರಿಗೆ ಸುಲಭವಾಗಿ ಬರುವುದಿಲ್ಲವಲ್ಲ! ಹಾಲನ್ನೋ ಮೊಸರನ್ನೋ ಕೊಟ್ಟಿದ್ದರೆ ಅದರಲ್ಲಿರುವ ಕೊಬ್ಬು ಮತ್ತು ಪ್ರೋಟೀನ್‌ಗಳು ಕ್ಯಾಪ್ಸೈಸಿನ್ನನ್ನು ಸೆಳೆದುಕೊಳ್ಳುತ್ತಿದ್ದವು.

ಬಣ್ಣವಿಲ್ಲದಿದ್ದರೆ ಒಳ್ಳೆಯದೇ?

"ಹಂಗಾದ್ರೆ ನಮ್ಮೂರ ಪಾನಿಪುರಿನೇ ಒಳ್ಳೇದು ಮಿಸ್. ಬಣ್ಣಾನೇ ಹಾಕಲ್ಲ" ಎಂದ ಮುಂದಿನ ಸಾಲಿನ ಹುಡುಗ.

ಅವನ ಮಾತಿನಲ್ಲಿ ಅರ್ಧ ಸತ್ಯವಿದೆ. 2024ರಲ್ಲಿ ನಮ್ಮ ರಾಜ್ಯದ ಆಹಾರ ಸುರಕ್ಷತಾ ಅಧಿಕಾರಿಗಳು ಬೇರೆ ಬೇರೆ ಕಡೆಗಳಿಂದ ಪಾನಿಪುರಿಯ 260 ಮಾದರಿಗಳನ್ನು ಪರೀಕ್ಷೆಗೆ ತೆಗೆದುಕೊಂಡಿದ್ದರು. 41 ಮಾದರಿಗಳು ಕೃತಕ ಬಣ್ಣ ಮೊದಲಾದವುಗಳಿಂದಾಗಿ ಅಸುರಕ್ಷಿತ ಎಂದು ತಿಳಿದುಬಂತು. ಇನ್ನೂ 18 ಮಾದರಿಗಳು ಕಳಪೆಯಾಗಿದ್ದವು. ತಿಳಿ ನೀರಿಗೆ ಹಸಿರು ಬಣ್ಣ ಬೆರೆಸಿದರೆ ಕೂಡಲೇ ಗೊತ್ತಾಗುತ್ತದೆ. ಅದು ಅದರ ಅನುಕೂಲ.

ಇನ್ನರ್ಧ ಸತ್ಯ ಏನು? ಉಪ್ಪು, ಹುಳಿ, ಖಾರ ಮೂರೂ ತಿಳಿ ನೀರಿನಲ್ಲಿ ಕಣ್ಣಿಗೆ ಕಾಣದೆ ಅಡಗಿದ್ದವು. ಹಾಗಾದರೆ ಬೇರೆ ಏನೇನು ಅಡಗಬಹುದು?

ರೋಗಾಣುಗಳು ಅಡಗಬಹುದು. ಟೈಫಾಯಿಡ್ ತರುವ ಬ್ಯಾಕ್ಟೀರಿಯಾದ ಉದ್ದ ಒಂದು ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ಕೆಲವೇ ಭಾಗದಷ್ಟು. ಒಂದು ಚಮಚ ನೀರಿನಲ್ಲಿ ಅವು ಸಾವಿರಾರು ಇದ್ದರೂ ನೀರು ತಿಳಿಯಾಗಿಯೇ ಕಾಣುತ್ತದೆ.

ವಿಷವೂ ಅಡಗಬಹುದು. ಇದಕ್ಕೆ ಉದಾಹರಣೆ ದೂರ ಹುಡುಕಬೇಕಿಲ್ಲ. ಕೋಲಾರ ಚಿನ್ನದ ಗಣಿಯಲ್ಲಿ ಕಲ್ಲನ್ನು ಪುಡಿ ಮಾಡಿ ಸೈನೈಡ್ ದ್ರಾವಣದಲ್ಲಿ ನೆನೆಸುತ್ತಿದ್ದರು. ಗಾಳಿಯ ಆಕ್ಸಿಜನ್ ನೆರವಿನಿಂದ ಚಿನ್ನವು ಆ ದ್ರಾವಣದಲ್ಲಿ ಕರಗುತ್ತಿತ್ತು. ಆಮೇಲೆ ಸತುವನ್ನು ಸೇರಿಸಿ ಚಿನ್ನವನ್ನು ಹೊರತೆಗೆಯುತ್ತಿದ್ದರು. ಪುಡಿಯನ್ನು ಬೇರ್ಪಡಿಸಿದ ಮೇಲೆ ಆ ದ್ರಾವಣ ನೋಡಲು ನೀರಿನಂತೆಯೇ. ಒಳಗೆ ಚಿನ್ನವೂ ಇತ್ತು, ಪ್ರಾಣ ತೆಗೆಯುವ ವಿಷವೂ ಇತ್ತು! 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಚಿನ್ನ ತೆಗೆದು ಬಿಸಾಡಿದ ಪುಡಿಯ 'ಸೈನೈಡ್ ಗುಡ್ಡ'ಗಳು ಮಾತ್ರ ಉಳಿದಿವೆ. ಅಲ್ಲಿ ಆಟವಾಡಲು ಹೋಗಬೇಡಿ.

ಎರಡು ಲೋಟಗಳು

ನಾನು ನೀರು ಪರೀಕ್ಷಿಸುವ ಕಿಟ್ ತಂದಿದ್ದೆ. ಮೇಜಿನ ಮೇಲೆ ಎರಡು ಗಾಜಿನ ಲೋಟ ಇಟ್ಟೆ. ಒಂದರಲ್ಲಿ ಊರಿನ ಕೊಳವೆಬಾವಿಯ ನೀರು, ಇನ್ನೊಂದರಲ್ಲಿ ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ತಂದ ನೀರು. "ಯಾವುದು ಯಾವುದು, ಹೇಳಿ ನೋಡೋಣ" ಎಂದೆ. ಯಾರಿಗೂ ಹೇಳಲಾಗಲಿಲ್ಲ. ಎರಡೂ ಒಂದೇ ಥರ ತಿಳಿ.

ಎರಡರಿಂದಲೂ ಸ್ವಲ್ಪ ನೀರನ್ನು ಪರೀಕ್ಷಾ ಬಾಟಲಿಗಳಿಗೆ ಹಾಕಿ ಕೆಂಪು ಬಣ್ಣದ ಕಾರಕದ ಹನಿಗಳನ್ನು ಬಿಟ್ಟೆ. ನೀರಿನಲ್ಲಿ ಫ್ಲೋರೈಡ್ ಇದ್ದಷ್ಟೂ ಈ ಕೆಂಪು ಹಳದಿಯ ಕಡೆಗೆ ತಿರುಗುತ್ತದೆ. ಘಟಕದ ನೀರು ಗುಲಾಬಿಯಾಗಿ ಉಳಿಯಿತು. ಕೊಳವೆಬಾವಿಯ ನೀರು ಹಳದಿಯಾಯಿತು. ತರಗತಿ ನಿಶ್ಶಬ್ದವಾಯಿತು.

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ನಾವು ಬಹಳ ಆಳದಿಂದ ನೀರು ಎತ್ತುತ್ತೇವೆ. ಕೆಳಗಿನ ಬಂಡೆಗಳ ಖನಿಜಗಳಲ್ಲಿ ಫ್ಲೋರೈಡ್ ಇದೆ. ನೀರು ಬಂಡೆಯ ಸಂದುಗಳಲ್ಲಿ ಬಹುಕಾಲ ನಿಂತಿದ್ದರೆ ಅದು ಕರಗಿ ನೀರಿಗೆ ಸೇರುತ್ತದೆ. ಜಿಲ್ಲೆಯ ಅನೇಕ ಊರುಗಳ ಅಂತರ್ಜಲದಲ್ಲಿ ಇದು ಮಿತಿ ಮೀರಿದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂವರೆಗೆ ಇರಬಹುದು. ಬೇರೆ ನೀರೇ ಸಿಗದಿದ್ದರೆ 1.5 ಮಿಲಿಗ್ರಾಂ. ಉಪ್ಪಾದರೂ ನಾಲಿಗೆಗೆ ಸಿಕ್ಕಿಬೀಳುತ್ತದೆ. ಇಷ್ಟು ಕಡಿಮೆ ಪ್ರಮಾಣದ ಫ್ಲೋರೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ರುಚಿಯೂ ಇಲ್ಲ.

ಒಸಡಿನೊಳಗೆ ಶಾಶ್ವತ ಹಲ್ಲುಗಳು ರೂಪುಗೊಳ್ಳುವುದು ಸುಮಾರು ಎಂಟು ವರ್ಷದೊಳಗೆ. ಆಗ ಫ್ಲೋರೈಡ್ ಹೆಚ್ಚಾದರೆ ಹಲ್ಲಿನ ಮೇಲೆ ಬಿಳಿ ಮಚ್ಚೆ, ಕಂದು ಗೆರೆಗಳು ಮೂಡುತ್ತವೆ. ಎಷ್ಟು ಉಜ್ಜಿದರೂ ಅವು ಹೋಗುವುದಿಲ್ಲ. ಬಹಳ ವರ್ಷ ಇಂಥ ನೀರನ್ನೇ ಕುಡಿದರೆ ಮೂಳೆ, ಕೀಲುಗಳಿಗೂ ತೊಂದರೆ.

ಪಾಠ ಮುಗಿದ ಮೇಲೆ ಕೊನೆಯ ಸಾಲಿನ ಹುಡುಗ ನನ್ನ ಹತ್ತಿರ ಬಂದ. ಈಗ ಕೈ ಅಡ್ಡ ಹಿಡಿದಿರಲಿಲ್ಲ. ಅವನ ಮುಂದಿನ ಹಲ್ಲುಗಳಲ್ಲಿ ಕಂದು ಗೆರೆಗಳಿದ್ದವು. "ನಾನು ದಿನಾ ಹಲ್ಲುಜ್ಜುತೀನಿ ಮಿಸ್. ಆದ್ರೂ ಎಲ್ರೂ ಹಲ್ಲುಜ್ಜಲ್ಲ ಅಂತಾರೆ" ಎಂದ.

"ಉಜ್ಜದೆ ಬಂದದ್ದಲ್ಲ ಮಗು, ನೀರಿನಿಂದ ಬಂದದ್ದು. ನಿನ್ನ ತಪ್ಪಲ್ಲ" ಎಂದೆ.

ಅವನು ಸ್ವಲ್ಪ ಹೊತ್ತು ಯೋಚಿಸಿದ. "ನಮ್ಮ ತಂಗಿಗೆ ಎರಡು ವರ್ಷ. ಕುಡಿಯೋಕೆ ಕ್ಯಾನ್ ನೀರು ತರ್ತೀವಿ. ಅಡಿಗೆಗೆ ಬೋರ್ ನೀರೇ. ಕುದಿಸಿದ್ರೆ ಹೋಗುತ್ತಾ?"

ಯಾವುದಕ್ಕೆ ಯಾವ ಉಪಾಯ?

ಅವನ ಪ್ರಶ್ನೆಗೆ ಉತ್ತರ: ಹೋಗುವುದಿಲ್ಲ. ತೇಲಾಡುವ ಚೂರುಗಳನ್ನು ಬಟ್ಟೆಯಲ್ಲಿ ಸೋಸಿ ತೆಗೆಯಬಹುದು. ರೋಗಾಣುಗಳನ್ನು ಚೆನ್ನಾಗಿ ಕುದಿಸಿ ಕೊಲ್ಲಬಹುದು. ಕರಗಿದ ಫ್ಲೋರೈಡ್ ಸೋಸಿದರೂ ಹೋಗದು, ಕುದಿಸಿದರೂ ಹೋಗದು. ಕುದಿಸಿದಾಗ ನೀರು ಆವಿಯಾಗಿ ಕಡಿಮೆಯಾಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿದು ಇನ್ನಷ್ಟು ಗಾಢವಾಗುತ್ತದೆ. ಅದನ್ನು ತೆಗೆಯಲು ಶುದ್ಧ ನೀರಿನ ಘಟಕಗಳಲ್ಲಿರುವ ಆರ್‌ಓ ಯಂತ್ರದಂಥ ಬೇರೆ ವಿಧಾನಗಳು ಬೇಕು. ಶುಚಿಯಾಗಿ ಹಿಡಿದಿಟ್ಟ ಮಳೆನೀರಿನಲ್ಲಿ ಫ್ಲೋರೈಡ್ ಇರುವುದು ತೀರಾ ಕಡಿಮೆ.

ಮುದ್ದೆ, ಅನ್ನ, ಸಾರು ಎಲ್ಲದರೊಳಗೂ ನೀರು ಹೋಗುತ್ತದೆ. ಆದ್ದರಿಂದ ಫ್ಲೋರೈಡ್ ಹೆಚ್ಚಿರುವ ಊರಿನಲ್ಲಿ, ಚಿಕ್ಕ ಮಕ್ಕಳಿರುವ ಮನೆಯಲ್ಲಂತೂ, ಅಡಿಗೆಗೂ ಘಟಕದ ನೀರನ್ನೇ ಬಳಸಬೇಕು. ಪಾತ್ರೆ ಬಟ್ಟೆ ತೊಳೆಯಲು ಬೋರ್ ನೀರು ಸಾಕು. ಆ ಹುಡುಗನಿಗೂ ಇದನ್ನೇ ಹೇಳಿದೆ. ಅಮ್ಮನಿಗೆ ಹೇಳಲು ಮರೆಯಬಾರದೆಂದು ಅಂಗೈ ಮೇಲೆ ಪೆನ್ನಿನಲ್ಲಿ 'ಅಡಿಗೆಗೂ' ಎಂದು ಬರೆದುಕೊಂಡು ಓಡಿದ.

ಶಿಕ್ಷಕರಲ್ಲಿ ನನ್ನದೊಂದು ವಿನಂತಿ. ಕಂದು ಹಲ್ಲಿನ ಮಗುವನ್ನು ಪ್ರಾರ್ಥನೆಯ ಸಾಲಿನಲ್ಲಿ ನಿಲ್ಲಿಸಿ 'ಹಲ್ಲುಜ್ಜಿಲ್ಲವೇ?' ಎಂದು ಕೇಳುವ ಮೊದಲು ಆ ಮಗು ಕುಡಿಯುವ ನೀರನ್ನು ಪರೀಕ್ಷಿಸಿ.

ಮಾಡಿ ನೋಡಿ

ಬೇಕಾಗುವ ವಸ್ತುಗಳು: ಮೂರು ಗಾಜಿನ ಲೋಟ, ಉಪ್ಪು, ರುಬ್ಬಿದ ಕೊತ್ತಂಬರಿ ಸೊಪ್ಪು, ಒಂದು ಹಸಿಮೆಣಸಿನಕಾಯಿ, ಬಿಳಿ ಬಟ್ಟೆ, ಟಾರ್ಚ್.

1. ಮೊದಲ ಲೋಟದ ನೀರಿಗೆ ಒಂದು ಚಮಚ ಉಪ್ಪು, ಎರಡನೆಯದಕ್ಕೆ ಒಂದು ಚಮಚ ರುಬ್ಬಿದ ಸೊಪ್ಪು ಹಾಕಿ ಕಲಕಿ.

2. ಶಿಕ್ಷಕರು ಸೀಳಿದ ಮೆಣಸಿನಕಾಯಿಯನ್ನು ಬಿಸಿನೀರಿನಲ್ಲಿ ನೆನೆಸಿ, ಆರಿದ ಮೇಲೆ ಸೋಸಿ ಮೂರನೆಯ ಲೋಟಕ್ಕೆ ಹಾಕಲಿ. ಮೆಣಸಿನಕಾಯಿ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯಬೇಕು. ಕಣ್ಣು ಮುಟ್ಟಬಾರದು.

3. ಕೋಣೆಯನ್ನು ಕತ್ತಲು ಮಾಡಿ ಒಂದೊಂದೇ ಲೋಟದ ಪಕ್ಕದಿಂದ ಟಾರ್ಚ್ ಬಿಡಿ. ಬೆಳಕಿನ ದಾರಿ ಯಾವ ಲೋಟದಲ್ಲಿ ಎದ್ದು ಕಾಣುತ್ತದೆ?

4. ಸೊಪ್ಪಿನ ನೀರನ್ನು ಬಟ್ಟೆಯ ನಾಲ್ಕು ಮಡಿಕೆಯಲ್ಲಿ ಸೋಸಿ. ಬಣ್ಣ ಏನಾಯಿತು? ಉಪ್ಪು ನೀರನ್ನು ಸೋಸಿದರೆ ಉಪ್ಪು ಬಟ್ಟೆಯಲ್ಲಿ ಉಳಿಯುತ್ತದೆಯೇ?

ಯೋಚಿಸಿ, ಕೇಳಿ

ನಿಮ್ಮ ಶಾಲೆಯ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ? ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ, ಅಂಕಿಯನ್ನು ಪರೀಕ್ಷೆಯ ದಿನಾಂಕದೊಂದಿಗೆ ಶಾಲೆಯ ಗೋಡೆಯ ಮೇಲೆ ಬರೆದು ಹಾಕಿ. ಇನ್ನು ಪಾನಿಪುರಿ ಗಾಡಿಯ ಮುಂದೆ ನಿಂತಾಗ ಅಣ್ಣನನ್ನು ವಿನಯದಿಂದ ಕೇಳಿ: "ಅಣ್ಣಾ, ಈ ನೀರು ಎಲ್ಲಿಂದ ತರ್ತೀರಿ?" ಒಳ್ಳೆಯ ನೀರು ಬಳಸುವವರು ಆ ಗುಟ್ಟನ್ನಂತೂ ಮುಚ್ಚಿಡುವುದಿಲ್ಲ.